ಬಣ್ಣ ತಿರುಗುವ ಮಸಿ, ತಿರುಗದ ಲೆಕ್ಕ

ಭಗವಾನ್ ಆದಿನಾಥರು ಕರ್ಮಭೂಮಿಯ ಆರಂಭದಲ್ಲಿ ಪ್ರಜೆಗಳಿಗೆ ಬೋಧಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣವು ಹೇಳುವ ಷಟ್ಕರ್ಮಗಳು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ ಮತ್ತು ಶಿಲ್ಪ. ಇವುಗಳಲ್ಲಿ ಎರಡನೆಯದಾದ ಮಸಿಯೆಂದರೆ ಬರವಣಿಗೆಯ ವೃತ್ತಿ, ಲೆಕ್ಕಪತ್ರದ ಕಾಯಕ. ಒಂದು ಇಡೀ ಜೀವನೋಪಾಯಕ್ಕೆ ಅದರ ಉಪಕರಣವಾದ ಕಪ್ಪು ದ್ರವದ ಹೆಸರನ್ನೇ ಇಟ್ಟಿರುವುದು ಗಮನಾರ್ಹವಾದ ಸಂಗತಿ. ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ, ವಾಣಿಜ್ಯ ಪದವಿ ಪಡೆದು, ನಲವತ್ತು ವರ್ಷಗಳಿಗೂ ಮಿಗಿಲಾಗಿ ಕಿರ್ದಿ ಖಾತೆಗಳ ನಡುವೆಯೇ ಬದುಕಿದ ನನಗೆ ಈ ದ್ರವದ ಚರಿತ್ರೆಯನ್ನು ವಿಚಾರಿಸಬೇಕೆಂಬ ಬುದ್ಧಿ ಬಂದದ್ದು ಮಾತ್ರ ಇತ್ತೀಚೆಗೆ.

ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮೊಮ್ಮಗ ಕಳೆದ ದೀಪಾವಳಿಗೆ ಬಂದಾಗ ಒಂದು ಚಿಕ್ಕ ಶಾಯಿ ಸೀಸೆಯನ್ನು ನನ್ನ ಮೇಜಿನ ಮೇಲಿಟ್ಟು, "ತಾತ, ಇದು ಬಣ್ಣ ತಿರುಗುವ ಇಂಕು, ಬರೆದು ನೋಡಿ" ಎಂದನು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಫೌಂಟನ್ ಪೆನ್ನನ್ನು ತೊಳೆದು ತುಂಬಿಸಿ, ಹಳೆಯ ಖಾತಾ ಪುಸ್ತಕದ ಉಳಿದ ಹಾಳೆಯೊಂದರ ಮೇಲೆ ಎರಡು ಸಾಲು ಬರೆದೆನು. ಬರೆದ ಕ್ಷಣದಲ್ಲಿ ಅಕ್ಷರಗಳು ನೀರು ಬೆರೆಸಿದಂತೆ ತೆಳು ನೀಲಿಯಾಗಿದ್ದವು. ಕನ್ನಡಕ ಒರೆಸಿಕೊಂಡು ಮತ್ತೆ ನೋಡುವಷ್ಟರಲ್ಲಿ ಮೊದಲ ಸಾಲು ಬೂದು ಬಣ್ಣಕ್ಕೆ ತಿರುಗಿತ್ತು. ಸಂಜೆಯ ಹೊತ್ತಿಗೆ ಎರಡೂ ಸಾಲುಗಳು ಗಾಢವಾದವು. ಮರುದಿನ ಬೆಳಿಗ್ಗೆ ನೋಡಿದರೆ ನೀಲಿಯ ಛಾಯೆ ಅಡಗಿ ಕಡುಗಪ್ಪು ಅಕ್ಷರಗಳು ನಿಂತಿದ್ದವು. ಆ ಕಪ್ಪನ್ನು ಕಂಡೊಡನೆಯೇ ನನಗೆ ಗುರುತು ಸಿಕ್ಕಿತು. ಅದು ತುಮಕೂರಿನ ನಮ್ಮ ಅಂಗಡಿಯ ಹಳೆಯ ಖಾತೆಗಳ ಕಪ್ಪು.

ಪರೀಕ್ಷೆಯನ್ನು ಮುಂದುವರಿಸಿದೆನು. ಒಂದು ಹಾಳೆಯ ಮೇಲೆ ಈ ಶಾಯಿ, ಸಾಧಾರಣ ನೀಲಿ ಶಾಯಿ ಮತ್ತು ಜೆಲ್ ಪೆನ್ನು ಮೂರರಲ್ಲೂ ಒಂದೇ ವಾಕ್ಯವನ್ನು ಬರೆದು ಎರಡು ದಿನ ಒಣಗಿಸಿ, ಅರ್ಧ ಭಾಗವನ್ನು ನೀರಿನಲ್ಲಿ ಅದ್ದಿದೆನು. ಸಾಧಾರಣ ನೀಲಿ ಕರಗಿ ಹರಿಯಿತು. ಜೆಲ್ ಪೆನ್ನಿನ ಅಕ್ಷರ ಅಂಚಿನಲ್ಲಿ ಕದಡಿತು. ಈ ಶಾಯಿಯ ನೀಲಿ ಛಾಯೆ ಮಾತ್ರ ತೊಳೆದುಹೋಗಿ, ಬೂದುಗಪ್ಪು ಅಕ್ಷರಗಳು ಅಚ್ಚಳಿಯದೆ ಉಳಿದವು. ಇನ್ನೊಂದು ಹಾಳೆಯನ್ನು ಕಿಟಕಿಯ ಬಿಸಿಲಿಗೆ ಒಂದು ತಿಂಗಳು ಇಟ್ಟೆನು. ಸಾಧಾರಣ ನೀಲಿ ಪೇಲವವಾಯಿತು, ಇದು ಓದುವಂತೆಯೇ ಇತ್ತು. ಆದರೆ ನಿಂಬೆರಸದ ಒಂದು ಹನಿ ಬಿದ್ದ ಕಡೆ ಈ ಅಕ್ಷರವೂ ಮಸುಕಾಯಿತೆಂಬುದನ್ನು ಮರೆಮಾಚದೆ ಹೇಳಬೇಕು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಬಣ್ಣ ತಿರುಗುವುದರ ರಹಸ್ಯವನ್ನು ಸರಳವಾಗಿ ಹೀಗೆ ಹೇಳಬಹುದು. ಒಗರಿನ ಸತ್ತ್ವವುಳ್ಳ ಕಾಯಿ ಅಥವಾ ತೊಗಟೆಯ ರಸಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಹಸಿರು ಲವಣ ಸೇರಿದಾಗ ಒಂದು ಸಂಯುಕ್ತವಾಗುತ್ತದೆ. ತುಸು ಆಮ್ಲ ಬೆರೆಸಿ ಮುಚ್ಚಿಟ್ಟಿರುವ ತನಕ ಅದು ಬಹುಮಟ್ಟಿಗೆ ಬಣ್ಣವಿಲ್ಲದೆ ನೀರಿನಲ್ಲಿ ಕರಗಿರುತ್ತದೆ. ಕಾಗದದ ಮೇಲೆ ಹರಿದೊಡನೆ ಗಾಳಿಯ ಆಮ್ಲಜನಕ ತಗುಲಿ ಕಬ್ಬಿಣದ ಸ್ಥಿತಿ ಬದಲಾಗುತ್ತದೆ. ಸಂಯುಕ್ತವು ನೀರಿಗೆ ಕರಗದ ಕಪ್ಪು ವಸ್ತುವಾಗಿ ಕಾಗದದ ನಾರಿನೊಳಗೇ ಕೂರುತ್ತದೆ. ಬರೆಯುವಾಗ ಅಕ್ಷರ ಕಾಣಲೆಂದು ಮಾತ್ರ ನೀಲಿ ಬಣ್ಣವನ್ನು ಬೆರೆಸಿರುತ್ತಾರೆ. ದೀಪದ ಕಾಡಿಗೆಯಿಂದ ಮಾಡಿದ ಮಸಿ ಕಾಗದದ ಮೇಲೆ ಕುಳಿತುಕೊಳ್ಳುತ್ತದೆ, ನೀರು ಬಿದ್ದರೆ ಏಳುತ್ತದೆ. ಕಬ್ಬಿಣದ ಮಸಿ ಕಾಗದದ ಒಳಕ್ಕೆ ಇಳಿಯುತ್ತದೆ.

ಈ ವಿದ್ಯೆ ಬಹಳ ಪುರಾತನವಾದುದು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು, ವರ್ತಕರು ತಾಮ್ರದ ಕಿಲುಬಿಗೆ ಅಗ್ಗದ ಅನ್ನಭೇದಿಯನ್ನು ಕಲಬೆರಕೆ ಮಾಡುವ ಮೋಸವನ್ನು ಹಿಡಿಯಲು ಮಾಚಿಕಾಯಿಯ ರಸದಲ್ಲಿ ನೆನೆಸಿದ ಪಪೈರಸ್ ಹಾಳೆಯನ್ನು ಬಳಸುವ ಉಪಾಯವನ್ನು ಬರೆದಿಟ್ಟಿದ್ದಾನೆ. ಕಲಬೆರಕೆಯಿದ್ದರೆ ಹಾಳೆ ಕೂಡಲೇ ಕಪ್ಪಾಗುತ್ತಿತ್ತು. ಹೀಗೆ ಈ ಕಪ್ಪು ವ್ಯಾಪಾರದ ವಂಚನೆಗೆ ಸಾಕ್ಷಿ ನುಡಿಯುವ ಕೆಲಸವನ್ನು ಅಷ್ಟು ಹಿಂದೆಯೇ ಮಾಡುತ್ತಿತ್ತು. ನಾಲ್ಕನೆಯ ಶತಮಾನದ ಬೈಬಲ್ಲಿನ ಪ್ರಸಿದ್ಧ ಹಸ್ತಪ್ರತಿಯಾದ ಸಿನಾಯ್ ಕೋಶವನ್ನು ಕಬ್ಬಿಣದ ಮಸಿಯಿಂದ ಬರೆಯಲಾಗಿದೆ. ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ಯೂರೋಪಿನ ಶಾಸನ, ಕರಾರು, ಲೆಕ್ಕಗಳೆಲ್ಲ ಇದರಲ್ಲಿಯೇ ನಡೆದವು. 1832ರಲ್ಲಿ ಲಂಡನ್ನಿನ ಹೆನ್ರಿ ಸ್ಟೀಫನ್ಸ್ ನೀಲಿಗಪ್ಪು ಬರಹದ ದ್ರವವನ್ನು ಮಾರಲಾರಂಭಿಸಿದನು. 1884ರಲ್ಲಿ ವಾಟರ್‌ಮನ್ ಅಮೆರಿಕದಲ್ಲಿ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದ ನಂತರ, ಕಿರಿದಾದ ನಾಳದಲ್ಲಿ ಗಸಿ ಕಟ್ಟದಂತೆ ಕಬ್ಬಿಣದ ಪ್ರಮಾಣವನ್ನು ತಗ್ಗಿಸಿದ ತೆಳು ಶಾಯಿಗಳು ಬೇಕಾದವು. ಭಾರತೀಯ ಮಾನಕ ಸಂಸ್ಥೆಯೂ ಫೌಂಟನ್ ಪೆನ್ನಿನ ಇಂತಹ ಶಾಯಿಗೆ ನೂರಕ್ಕೆ 0.1 ಭಾಗ ಕಬ್ಬಿಣವೆಂಬ ಮಾನಕವನ್ನು ರೂಪಿಸಿತು. ಇಂಗ್ಲೆಂಡಿನಲ್ಲಿ 2021ರಲ್ಲಿ ವಿವಾಹ ನೋಂದಣಿಯು ಗಣಕಯಂತ್ರಕ್ಕೆ ವರ್ಗವಾಗುವವರೆಗೂ ನೋಂದಣಿ ಪುಸ್ತಕಗಳಿಗೆ ಈ ಜಾತಿಯ ಶಾಯಿಯೇ ಸಲ್ಲುತ್ತಿತ್ತು.

ನಮ್ಮ ನಾಡಿನ ದಾರಿ ಬೇರೆ. ಇಲ್ಲಿ ಶಾಶ್ವತವಾಗಬೇಕಾದುದನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿಯನ್ನೋ ತುಮಕೂರಿನ ಸಮೀಪದ ಮಂದರಗಿರಿಯನ್ನೋ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗ್ರಂಥಗಳಿಗೆ ತಾಳೆಗರಿ. ದಕ್ಷಿಣದಲ್ಲಿ ಸಾಮಾನ್ಯವಾಗಿ ಗರಿಯ ಮೇಲೆ ಕಂಠದಿಂದ ಕೊರೆದು, ಆ ಗೀರುಗಳಿಗೆ ಕಾಡಿಗೆ ತಿಕ್ಕುತ್ತಿದ್ದರು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧ ಸಂಗತಿಯನ್ನು ನೆನೆಯುವಾಗ, ಅಷ್ಟು ಗರಿಗಳ ಮೇಲೆ ದುಡಿದ ಕೈಗಳನ್ನೂ ನಾವು ನೆನೆಯಬೇಕು. ಆದರೆ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಸಂರಕ್ಷಿತವಾಗಿ ಬಂದ ಧವಲಾದಿ ಸಿದ್ಧಾಂತ ಗ್ರಂಥಗಳ ಗರಿಗಳು ಕೊರೆದವಲ್ಲ, ಮಸಿಯಿಂದ ಬರೆದವು. ವೀರಸೇನಾಚಾರ್ಯರು 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯ ಮೊದಲ ಸಂಪುಟ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾದದ್ದು 1939ರಲ್ಲಿ. ನಡುವಣ ಶತಮಾನಗಳಲ್ಲಿ ಆ ಜ್ಞಾನವನ್ನು ಹೊತ್ತು ತಂದದ್ದು ಗರಿ ಮತ್ತು ಮಸಿ.

ಉತ್ತರ ಭಾರತದ ನಮ್ಮ ಭಂಡಾರಗಳಲ್ಲಿ ಮಸಿಯ ಪಾಕಗಳು ಪದ್ಯರೂಪದಲ್ಲಿ ಉಳಿದಿವೆ. ಮುನಿ ಪುಣ್ಯವಿಜಯರು ಜೈನ ಲೇಖನಕಲೆಯನ್ನು ಕುರಿತು 1930ರ ದಶಕದಲ್ಲಿ ಗುಜರಾತಿಯಲ್ಲಿ ಬರೆದ ಪಾಂಡಿತ್ಯಪೂರ್ಣ ಕೃತಿಯಲ್ಲಿ ಅವುಗಳನ್ನು ಸಂಗ್ರಹಿಸಿದ್ದಾರೆ. ತಾಳೆಗರಿಯ ಒಂದು ಪಾಕದಲ್ಲಿ ತ್ರಿಫಲೆ, ಕಾಸೀಸ, ಲೋಹ, ನೀಲಿ, ಕಾಡಿಗೆ, ಬೋಳ ಇವೆಲ್ಲ ಸೇರುತ್ತವೆ. ಕಾಸೀಸವೆಂದರೆ ಅನ್ನಭೇದಿ. ತ್ರಿಫಲೆಯೆಂದರೆ ಅಳಲೆ, ತಾರೆ, ನೆಲ್ಲಿ. ಮೊಮ್ಮಗ ತಂದ ಸೀಸೆಯಲ್ಲಿರುವ ತತ್ತ್ವವೇ ಅದರಲ್ಲಿಯೂ ಇದೆ.

ಇಲ್ಲಿ ಅಹಿಂಸಾಧರ್ಮದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಯೂರೋಪಿನವರು ಬಳಸುತ್ತಿದ್ದ ಮಾಚಿಕಾಯಿ ನಿಜವಾಗಿ ಕಾಯಿಯಲ್ಲ. ಓಕ್ ಮರದ ಕುಡಿಯಲ್ಲಿ ಒಂದು ಬಗೆಯ ಕಣಜ ಮೊಟ್ಟೆಯಿಟ್ಟಾಗ ಮರವು ಅದರ ಸುತ್ತ ಬೆಳೆಸುವ ಗಂಟು ಅದು. ಹುಳು ಹೊರಬೀಳುವ ಮೊದಲೇ ಕಿತ್ತ ಗಂಟಿನಲ್ಲಿ ಒಗರು ಹೆಚ್ಚೆಂದು ಅದಕ್ಕೆ ಬೆಲೆಯೂ ಹೆಚ್ಚು. ಅಂದರೆ ಒಳ್ಳೆಯ ಮಸಿಗೆ ಒಳಗಿನ ಜೀವವೇ ಬಲಿ. ನಮ್ಮ ಪಾಕದ ಅಳಲೆಯಾದರೋ ಮರದ ನಿಜವಾದ ಫಲ. ಹಿರಿಯರು ಈ ವಿಚಾರ ಮಾಡಿಯೇ ತ್ರಿಫಲೆಯನ್ನು ಆರಿಸಿದರೆಂದು ನಾನು ಸಾಧಿಸಲು ಹೊರಟಿಲ್ಲ. ಅದು ಸುಲಭವಾಗಿ ದೊರೆಯುತ್ತಿದ್ದುದೇ ಕಾರಣವಿರಬಹುದು. ಆದರೆ ಇಂದು ಎರಡನ್ನೂ ಬಲ್ಲ ನಾವು ಆರಿಸುವಾಗ ಈ ವಿಚಾರವನ್ನು ಬಿಡಬಾರದು.

ವ್ಯಾಪಾರಸ್ಥರ ಲೆಕ್ಕಕ್ಕೆ ನಮ್ಮ ಮೈಸೂರು ಸೀಮೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಕಡತ. ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಸವರಿ ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಇಂದು ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ಕಡತವೆನ್ನುವಾಗ ನಾವು ಉಚ್ಚರಿಸುವುದು ಆ ಕಪ್ಪು ಬಟ್ಟೆಯ ಹೆಸರನ್ನೇ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಭಾಗದಲ್ಲಿ ಸಂಚರಿಸಿ ಗುಬ್ಬಿಯ ವ್ಯಾಪಾರವನ್ನೂ ಸುತ್ತಣ ಅಡಿಕೆ ತೋಟಗಳನ್ನೂ ಕುರಿತು ಬರೆದನು. ಅಳಿಸಬಹುದಾದ ಬಳಪವನ್ನು ನೆಚ್ಚಿ ಅಷ್ಟೊಂದು ವ್ಯವಹಾರ ನಡೆಯುತ್ತಿದ್ದ ಕಾಲದಲ್ಲಿ, ಲೆಕ್ಕದ ಭದ್ರತೆ ಬಹುಮಟ್ಟಿಗೆ ಬರೆದವನ ಮಾತಿನ ಮೇಲೆಯೇ ನಿಂತಿತ್ತು.

ಬಣ್ಣ ತಿರುಗುವ ಮಸಿಯಲ್ಲಿ ಕರ್ನಾಟಕಕ್ಕೆ ಇನ್ನೊಂದು ಹಿರಿಮೆಯೂ ಇದೆ. 1937ರಲ್ಲಿ ಸ್ಥಾಪನೆಯಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿನ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿದೆ. ಅದರಲ್ಲಿರುವುದು ಕಬ್ಬಿಣವಲ್ಲ, ಬೆಳ್ಳಿಯ ಲವಣ. ಅದನ್ನು ಕಪ್ಪಾಗಿಸುವುದು ಮುಖ್ಯವಾಗಿ ಬೆಳಕು. ಉದ್ದೇಶ ಮಾತ್ರ ಒಂದೇ: ಒಬ್ಬನು ಒಮ್ಮೆ ಮಾಡಿದ್ದನ್ನು ಮಾಡಿಲ್ಲವೆನ್ನದಿರಲಿ.

ಇಷ್ಟು ಓದಿದ ಮೇಲೆ ನಾನೇ ಮಸಿ ಮಾಡಿ ನೋಡಬೇಕೆನ್ನಿಸಿತು. ಗ್ರಂಧಿಗೆ ಅಂಗಡಿಯಿಂದ ಅಳಲೆಕಾಯಿ, ಅನ್ನಭೇದಿ, ಗೋಂದು ತರಿಸಿ, ಅಳಲೆಯನ್ನು ಜಜ್ಜಿ ರಾತ್ರಿ ನೆನೆಸಿ, ಗಾಜಿನ ಪಾತ್ರೆಯಲ್ಲಿ ಕುದಿಸಿ ಸೋಸಿದ ಹಳದಿ ಕಷಾಯಕ್ಕೆ ಚಿಟಿಕೆಯಷ್ಟು ಅನ್ನಭೇದಿ ಹಾಕಿದೊಡನೆ ಅದು ಬೂದುಗಪ್ಪಾಯಿತು. ಅದ್ದಿ ಬರೆಯುವ ಲೇಖನಿಯಲ್ಲಿ ಬರೆದ ಅಕ್ಷರ ಮರುದಿನಕ್ಕೆ ಇನ್ನಷ್ಟು ಕಪ್ಪಾಯಿತು. ಗುಬ್ಬಿಯ ಪರಿಚಿತರ ಮನೆಯಿಂದ ಅಡಿಕೆ ಬೇಯಿಸಿದ ಚೊಗರನ್ನು ತರಿಸಿ ಅದಕ್ಕೂ ಹಾಗೆಯೇ ಮಾಡಿದೆನು. ಹಸಿರು ಬೆರೆತ ಕಪ್ಪು ಬಂದಿತು. ಒಗರಿನ ಜಾತಿ ಬೇರೆಯಾದುದರಿಂದ ಕಪ್ಪಿನ ಜಾತಿಯೂ ಬೇರೆ. ಅಡಿಕೆ ಸುಲಿಯುವವರ ಕತ್ತಿಯೂ ಬೆರಳೂ ಕಪ್ಪಾಗುವುದನ್ನು ಬಾಲ್ಯದಿಂದ ಕಂಡಿದ್ದರೂ, ಅದು ಮಸಿಯೆಂದು ನನಗೆ ತಿಳಿದಿರಲಿಲ್ಲ. ಇಂತಹ ಮನೆಯ ಮಸಿಯನ್ನು ಫೌಂಟನ್ ಪೆನ್ನಿಗೆ ಮಾತ್ರ ಯಾರೂ ತುಂಬಬಾರದು. ಗಸಿ ಕಟ್ಟಿ ಪೆನ್ನು ಕೆಡುತ್ತದೆ.

ಈ ಅಳಲೆಯ ಕಷಾಯದ ವಾಸನೆ ಮೂಗಿಗೆ ಬಡಿದಾಗ, ಬಹಳ ವರ್ಷಗಳಿಂದ ಯಾರಿಗೂ ಹೇಳದಿದ್ದ ಒಂದು ಪ್ರಸಂಗ ಕಣ್ಣಮುಂದೆ ನಿಂತಿತು. ಇದನ್ನು ಬರೆಯದೆ ಮಸಿಯ ಚರಿತ್ರೆ ಬರೆಯುವುದು ನನ್ನ ಮಟ್ಟಿಗೆ ಪೂರ್ಣವಾಗದು.

1982ರ ಮಾತು. ನಾನು ಬಿ.ಕಾಂ. ಮುಗಿಸಿ ಅಂಗಡಿಗೆ ಬಂದು ವರ್ಷವಾಗಿರಲಿಲ್ಲ. ನಮ್ಮ ತೀರ್ಥರೂಪರು ಖಾತೆಗೆ ಬೇಕಾದ ಮಸಿಯನ್ನು ಅಳಲೆ, ಅನ್ನಭೇದಿಗಳಿಂದ ತಾವೇ ಮಾಡಿಕೊಳ್ಳುತ್ತಿದ್ದರು. ಕುಣಿಗಲ್ ಕಡೆಯ ರೈತರೊಬ್ಬರು ನಮ್ಮಲ್ಲಿ ಹಣವನ್ನು ಇರಿಸುತ್ತಿದ್ದರು. ಅವರ ಖಾತೆಯಲ್ಲಿ 1,200 ರೂಪಾಯಿ ಒಮ್ಮೆ, 800 ರೂಪಾಯಿ ಇನ್ನೊಮ್ಮೆ ಜಮಾ ಆಗಿತ್ತು. ತೀರ್ಥರೂಪರು ಊರಿನಲ್ಲಿಲ್ಲದ ದಿನ ಅವರು ಬಂದು, "ಚಿಕ್ ಸಾವ್ಕಾರ್ರೇ, ನಮ್ ಲೆಕ್ಕದಾಗೆ ಹನ್ನೆರಡು ನೂರು ಐತಲ್ವಾ?" ಎಂದು ಕೇಳಿದರು. ಆ ತಿಂಗಳು ಅಂಗಡಿಯಲ್ಲಿ ಹಣದ ಮುಗ್ಗಟ್ಟು. ನಾನು "ಹೌದು" ಎಂದು 1,200 ಎಣಿಸಿ ಕೊಟ್ಟೆನು. ಅವರು ಹೋದ ಮೇಲೆ ಖಾತೆಯ 800ರ ಸಾಲನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ಒರೆಸಿ ಒಣಗಿಸಿದೆನು. ಹಿಂದಿನ ವರ್ಷದ ಕಿರ್ದಿಯನ್ನು ಯಾರು ತೆಗೆದು ನೋಡುತ್ತಾರೆಂಬ ಧೈರ್ಯ ನನ್ನದು. ಹಾಳೆಯಲ್ಲಿ ತೆಳುವಾದ ಹಳದಿ ಕಲೆಯ ಹೊರತು ಏನೂ ಕಾಣುತ್ತಿರಲಿಲ್ಲ.

ಮೂರು ವಾರಗಳ ತರುವಾಯ ತೀರ್ಥರೂಪರು ಆ ಪುಟವನ್ನು ತೆರೆದರು. ಏನೂ ಕೇಳಲಿಲ್ಲ. ಮಸಿ ಮಾಡಲು ಇಟ್ಟಿದ್ದ ಅಳಲೆಯ ಕಷಾಯದಲ್ಲಿ ಹತ್ತಿಯನ್ನು ಅದ್ದಿ, ಆ ಹಳದಿ ಕಲೆಯ ಮೇಲೆ ಮೆಲ್ಲಗೆ ಒತ್ತಿದರು. ನೋಡನೋಡುತ್ತಿದ್ದಂತೆ ತಾರೀಖು, ಹೆಸರು, 800 ಎಂಬ ಅಂಕಿ ಬೂದು ಬಣ್ಣದಲ್ಲಿ ಎದ್ದು ಬಂದವು. ಕಪ್ಪನ್ನು ನಾನು ತೆಗೆದಿದ್ದೆ, ನಾರಿನಲ್ಲಿ ಇಳಿದಿದ್ದ ಕಬ್ಬಿಣವನ್ನು ತೆಗೆದಿರಲಿಲ್ಲ. ಒಗರು ಸಿಕ್ಕೊಡನೆ ಅದು ಮತ್ತೆ ಕಪ್ಪಾಯಿತು. ಅವರು ಪೆಟ್ಟಿಗೆಯಿಂದ 800 ರೂಪಾಯಿ ತೆಗೆದು ನನ್ನ ಕೈಗಿಟ್ಟು, "ಕುಣಿಗಲ್ ಬಸ್ಸು ಹನ್ನೊಂದಕ್ಕೆ ಇದೆ. ನೀನೇ ಹೋಗಿ ಕೊಡು. ಏಕೆ ತಡವಾಯಿತೆಂಬುದನ್ನೂ ನೀನೇ ಹೇಳು" ಎಂದರು.

ಹೋದೆನು, ಹೇಳಿದೆನು. ಆ ರೈತರು ಹಣವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆ 800 ರೂಪಾಯಿಗಳನ್ನು ಅವರು ತಮ್ಮನ ಕೈಯಲ್ಲಿ ಕಳುಹಿಸಿದ್ದರಂತೆ. ತಮ್ಮ ಅದನ್ನು ತಲುಪಿಸಿದನೋ ಇಲ್ಲವೋ ಎಂಬ ಸಂಶಯ ಮೊದಲೇ ಇತ್ತು. ಮನೆಯ ಮಾತು ಹೊರಬೀಳಬಾರದೆಂದು ನನ್ನನ್ನು ಹಾಗೆ ಬಳಸು ಮಾತಿನಲ್ಲಿ ವಿಚಾರಿಸಿದ್ದರು. ನನ್ನ "ಹೌದು" ಅವರ ಸಂಶಯವನ್ನು ನಿಶ್ಚಯ ಮಾಡಿತ್ತು. "ಮೂರು ವಾರದಿಂದ ಅವನ ಕೂಡ ಮಾತಿಲ್ಲ. ಕಳ್ಳ ಅಂದ್ಬಿಟ್ಟೆ" ಎಂದಷ್ಟೇ ಹೇಳಿ, ಹಿತ್ತಲ ಕಡೆ ತಮ್ಮನನ್ನು ಹುಡುಕಿಕೊಂಡು ಹೋದರು. ನನಗೆ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ಅಂಗಡಿಯವನಿಗೆಂದೇ ಹೇಳಿದಂತಿವೆ. ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಇನ್ನೊಂದು ನ್ಯಾಸಾಪಹಾರ, ಇಟ್ಟವನು ತನ್ನ ಠೇವಣಿಯನ್ನು ಮರೆತು ಕಡಿಮೆ ಕೇಳಿದಾಗ "ಅಷ್ಟೇ" ಎಂದು ಒಪ್ಪಿಕೊಂಡು ಉಳಿದುದನ್ನು ಇಟ್ಟುಕೊಳ್ಳುವುದು. ನಾನು ಒಂದೇ ಮಧ್ಯಾಹ್ನದಲ್ಲಿ ಎರಡನ್ನೂ ಮಾಡಿದ್ದೆ. ಇವು ಅಚೌರ್ಯದ ಕೆಳಗೆ ಬರದೆ ಸತ್ಯದ ಕೆಳಗೆ ಏಕೆ ಬಂದಿವೆಯೆಂದು ಪಾಠದಲ್ಲಿ ಕೇಳಿದಾಗ ನನಗೆ ಅರ್ಥವಾಗಿರಲಿಲ್ಲ. ಹಣವನ್ನು ಹಿಂದಿರುಗಿಸಬಹುದಿತ್ತು, ಹಿಂದಿರುಗಿಸಿದೆವು. ನನ್ನ ಸುಳ್ಳು ಒಬ್ಬ ನಿರಪರಾಧಿಯನ್ನು ಕಳ್ಳನೆನ್ನಿಸಿದ ಆ ಮೂರು ವಾರಗಳನ್ನು ಹಿಂದಿರುಗಿಸಲು ಬರಲಿಲ್ಲ. ಕುಣಿಗಲ್ಲಿನ ಆ ಅಂಗಳದಲ್ಲಿ ಸೂತ್ರದ ಅರ್ಥ ತಿಳಿಯಿತು.

ಹಾಗೆಂದು ಈ ಮಸಿಯನ್ನು ಬರಿದೆ ಹೊಗಳುವುದೂ ಸತ್ಯವಲ್ಲ. ಅದರ ಬಾಳಿಕೆಗೆ ಕಾರಣವಾದ ಕಬ್ಬಿಣ ಮತ್ತು ಆಮ್ಲಗಳೇ ಕಾಲಕ್ರಮದಲ್ಲಿ ಕಾಗದವನ್ನು ತಿನ್ನುತ್ತವೆ. ಸಂಗೀತಗಾರ ಬಾಖ್‌ನ ಬರ್ಲಿನ್ನಿನಲ್ಲಿರುವ ಹಸ್ತಪ್ರತಿಗಳಲ್ಲಿ ಮಸಿಯು ಕಾಗದವನ್ನು ಕೊರೆದು ಹಾಳು ಮಾಡಿತು. ಅವುಗಳ ಸಂರಕ್ಷಣೆಗೆ ತಜ್ಞರು ವರ್ಷಗಟ್ಟಲೆ ಶ್ರಮಿಸಬೇಕಾಯಿತು. ತೀರ್ಥರೂಪರ ಕಷಾಯದ ಉಪಾಯವನ್ನೂ ಯಾರೂ ಹಳೆಯ ಗ್ರಂಥಗಳ ಮೇಲೆ ಪ್ರಯೋಗಿಸಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವಿದ್ವಾಂಸರು ಮಾಚಿಕಾಯಿಯ ರಸ ಸವರಿ ಮಾಸಿದ ಅಕ್ಷರಗಳನ್ನು ಓದಿದರು. ಕೆಲವೇ ವರ್ಷಗಳಲ್ಲಿ ಆ ಹಾಳೆಗಳೇ ಕಂದಿ ಓದಲಾಗದಂತಾದವು. ಇಂದು ಅತಿನೇರಳೆ ಬೆಳಕಿನಲ್ಲಿ ಹಿಡಿದರೆ ಮಾಸಿದ ಕಬ್ಬಿಣದ ಅಕ್ಷರಗಳು ಹಾಳೆಗೆ ಹಾನಿಯಿಲ್ಲದೆ ಕಾಣುತ್ತವೆ.

ಬಸದಿಗಳ ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿಗಳು ಕೆಲವು. ದೇಣಿಗೆ, ಠೇವಣಿ, ನಡವಳಿ ಪುಸ್ತಕಗಳನ್ನು ಗಣಕಯಂತ್ರದಲ್ಲಿ ಇಡುವವರೂ ಒಂದು ಕೈಬರಹದ ಪ್ರತಿಯನ್ನು ಬಾಳುವ ಶಾಯಿಯಲ್ಲಿ, ಆಮ್ಲರಹಿತವಾದ ಒಳ್ಳೆಯ ಕಾಗದದ ಮೇಲೆ ಬರೆದಿಡಲಿ. ಕಬ್ಬಿಣದ ಶಾಯಿ ಬಳಸುವವರು ಪೆನ್ನಿಗೆಂದೇ ತಯಾರಾದ ತೆಳು ಶಾಯಿಯನ್ನು ಕೊಳ್ಳಲಿ. ತಿಂಗಳಿಗೊಮ್ಮೆ ಪೆನ್ನನ್ನು ನೀರಿನಿಂದ ತೊಳೆಯಲಿ, ಒಳಗೆ ಒಣಗಲು ಬಿಡದಿರಲಿ. ಹಳೆಯ ಖಾತೆಗಳನ್ನು ತೇವದಿಂದ ದೂರವಿಡಲಿ. ತಪ್ಪಾದ ಅಂಕಿಯನ್ನು ಒರೆಸದೆ, ಬಿಳಿ ದ್ರವ ಸವರದೆ, ಓದಲು ಬರುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು ರುಜು ಮಾಡಲಿ. ತಪ್ಪು ಬರೆದದ್ದು ಕಾಣಿಸುವುದರಲ್ಲಿ ಅವಮಾನವಿಲ್ಲ.

ಆ ಖಾತಾ ಪುಸ್ತಕ ಇಂದಿಗೂ ನಮ್ಮ ಮನೆಯಲ್ಲಿದೆ. ಈ ಲೇಖನ ಬರೆಯುವ ಮುನ್ನ ತೆರೆದು ನೋಡಿದೆನು. ಕಷಾಯ ತಾಗಿದ ಜಾಗ ಕಂದಿದೆ, ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಅದರ ನಡುವೆ 800 ಎಂಬ ಅಂಕಿಯೂ, ಅದರ ಎದುರಿಗೆ ತೀರ್ಥರೂಪರು ನನ್ನ ಕೈಯಿಂದ ಬರೆಸಿದ "ಸಂದಾಯವಾಯಿತು" ಎಂಬ ಮಾತೂ ಓದಲು ಬರುತ್ತವೆ. ಮೊಮ್ಮಗನಿಗೆ ಆ ಪುಟವನ್ನು ತೋರಿಸಿ, ನಡೆದುದನ್ನೆಲ್ಲ ಹೇಳಿದೆನು. ಅವನು ಸೀಸೆಯನ್ನು ನನ್ನಲ್ಲಿಯೇ ಬಿಟ್ಟು ಹೋಗಿದ್ದಾನೆ.